ಎಚ್ಚರಿಕೆ ನಮಗೆ, ಹೊಣೆ ಯಾರಿಗೆ?

'ಸಾರ್ವಜನಿಕರು ಎಚ್ಚರಿಕೆಯಿಂದ ಇರತಕ್ಕದ್ದು.'

ಮಳೆಗಾಲ ಆರಂಭವಾದಾಗ, ಹಬ್ಬಗಳು ಸಮೀಪಿಸಿದಾಗ, ಯಾವುದಾದರೊಂದು ದುರಂತ ಸಂಭವಿಸಿದ ಮರುದಿನ ನಮ್ಮ ಸರಕಾರಿ ಕಚೇರಿಗಳಿಂದ ಹೊರಬೀಳುವ ಪ್ರಕಟಣೆಗಳ ಸಾರ ಇಷ್ಟೇ. ವಿದ್ಯುತ್ ಕಂಬವನ್ನು ಮುಟ್ಟಬೇಡಿ, ಕೆರೆಗೆ ಇಳಿಯಬೇಡಿ, ಅತಿವೇಗದಲ್ಲಿ ವಾಹನ ಚಲಾಯಿಸಬೇಡಿ. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಅವನ್ನು ಪಾಲಿಸಬೇಕಾದದ್ದು ಪ್ರತಿಯೊಬ್ಬರ ಕರ್ತವ್ಯ ಕೂಡ. ಆದರೆ ಈ ಪ್ರಕಟಣೆಗಳಲ್ಲಿ ಒಂದು ವಾಕ್ಯ ಸದಾ ಕಾಣೆಯಾಗಿರುತ್ತದೆ. ಕಂಬದಲ್ಲಿ ವಿದ್ಯುತ್ ಪ್ರವಹಿಸದಂತೆ ಏನು ಮಾಡಲಾಗಿದೆ, ಕೆರೆಯ ಅಪಾಯದ ಜಾಗಕ್ಕೆ ಬೇಲಿ ಯಾವಾಗ ಬರುತ್ತದೆ, ರಸ್ತೆಯ ತಿರುವಿನಲ್ಲಿ ದೀಪ ಯಾಕಿಲ್ಲ ಎಂಬುದನ್ನು ತಿಳಿಸುವ ವಾಕ್ಯವದು. ಎಚ್ಚರಿಕೆಯೆಲ್ಲ ಪ್ರಜೆಗೆ, ಉತ್ತರಿಸುವ ಹೊಣೆ ಮಾತ್ರ ಯಾರಿಗೂ ಇಲ್ಲ ಎಂಬಂತಹ ಈ ಏರ್ಪಾಡನ್ನು ನಾವು ಎಷ್ಟು ಕಾಲ ಒಪ್ಪಿಕೊಂಡಿರಬೇಕು?

ಹಾಸನ ತಾಲೂಕಿನ ದುದ್ದದಂತಹ ಹೋಬಳಿ ಕೇಂದ್ರಗಳಲ್ಲಿ ವಾಸಿಸುವವರು ಈ ಪ್ರಶ್ನೆಯನ್ನು ಇತರರಿಗಿಂತ ಮೊದಲು ಕೇಳಬೇಕು. ಯಾಕೆಂದರೆ, ಇಂಥ ಊರುಗಳು ಇತ್ತ ಹಳ್ಳಿಯಾಗಿಯೂ ಉಳಿದಿಲ್ಲ, ಅತ್ತ ಪಟ್ಟಣವೂ ಆಗಿಲ್ಲ. ವಾಹನಗಳು ಪಟ್ಟಣದಷ್ಟಿವೆ, ಅಂಗಡಿ ಮುಂಗಟ್ಟುಗಳು ಪಟ್ಟಣದಂತೆ ರಸ್ತೆಗೆ ತಾಗಿಕೊಂಡಿವೆ. ಆಡಳಿತ ಮಾತ್ರ ಗ್ರಾಮ ಪಂಚಾಯತ್‌ನದ್ದು. ನಗರಸಭೆಗಿರುವ ಇಂಜಿನಿಯರುಗಳ ಪಡೆ ಇಲ್ಲಿಲ್ಲ. ಅಗ್ನಿಶಾಮಕ ವಾಹನವು ಹೋಬಳಿ ಕೇಂದ್ರಗಳಿಗೆ ಸಾಮಾನ್ಯವಾಗಿ ತಾಲೂಕು ಕೇಂದ್ರದಿಂದಲೇ ಬರಬೇಕು. ಗಂಭೀರವಾಗಿ ಗಾಯಗೊಂಡವನನ್ನು ಹಾಸನಕ್ಕೆ ಸಾಗಿಸಬೇಕು. ಅರ್ಥಾತ್, ಅಪಾಯ ಪಟ್ಟಣದ್ದು, ರಕ್ಷಣೆ ಹಳ್ಳಿಯದ್ದು. ದುದ್ದಕ್ಕೆ ಅನ್ವಯಿಸುವ ಈ ಮಾತು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲೂಕುಗಳ ಹೋಬಳಿ ಕೇಂದ್ರಗಳಿಗೂ ಅನ್ವಯಿಸುತ್ತದೆ.

ಹಾಸನ ಜಿಲ್ಲೆಯ ಇತ್ತೀಚಿನ ವರ್ಷಗಳನ್ನೇ ನೋಡಿ. 2022ರ ಅಕ್ಟೋಬರ್ 15ರ ರಾತ್ರಿ ಅರಸೀಕೆರೆ ತಾಲೂಕಿನ ಬಾಣಾವರದ ಬಳಿ ಟೆಂಪೋ ಟ್ರಾವೆಲರ್, ಹಾಲಿನ ಟ್ಯಾಂಕರ್ ಮತ್ತು ಸರಕಾರಿ ಬಸ್ಸಿನ ನಡುವೆ ನಡೆದ ಅಪಘಾತದಲ್ಲಿ ಯಾತ್ರೆ ಮುಗಿಸಿ ಮರಳುತ್ತಿದ್ದ ಒಂಬತ್ತು ಮಂದಿ ಪ್ರಾಣ ಕಳಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. 2024ರ ಮೇ ತಿಂಗಳಲ್ಲಿ ಆಲೂರು ತಾಲೂಕಿನಲ್ಲಿ ಕೆರೆಗೆ ಈಜಲು ಹೋದ ನಾಲ್ವರು ಬಾಲಕರು ಮುಳುಗಿ ಸತ್ತರು. ಅದೇ ತಿಂಗಳು ಹಾಸನದ ಹೊರವಲಯದ ಕಂದಲಿ ಬಳಿ ಕಾರೊಂದು ಲಾರಿಗೆ ಡಿಕ್ಕಿ ಹೊಡೆದು ಆರು ಮಂದಿ ಮೃತಪಟ್ಟರು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಸರಕು ಸಾಗಣೆಯ ಲಾರಿಯೊಂದು ನುಗ್ಗಿ ಹತ್ತು ಮಂದಿಯನ್ನು ಬಲಿ ತೆಗೆದುಕೊಂಡಿತು. ಮಡಿದವರಲ್ಲಿ ಹೆಚ್ಚಿನವರು ಯುವಕರು. ಅವರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ವಿದ್ಯಾರ್ಥಿಗಳೂ ಇದ್ದರು.

ಮೊಸಳೆಹೊಸಹಳ್ಳಿಯಲ್ಲಿ ನಡೆದುದೇನು? ಲಾರಿಯು ದ್ವಿಚಕ್ರ ವಾಹನವೊಂದರ ಕಾರಣದಿಂದ ಹತೋಟಿ ತಪ್ಪಿ, ರಸ್ತೆ ವಿಭಜಕವನ್ನು ದಾಟಿ ಜನರ ಮೇಲೆ ನುಗ್ಗಿತು ಎಂದು ವರದಿಗಳು ಹೇಳಿದುವು. ಮುಖ್ಯಮಂತ್ರಿಗಳು ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಎಲ್ಲ ಪಕ್ಷಗಳ ನಾಯಕರೂ ಸಾಂತ್ವನ ಹೇಳಿದರು. ಚಾಲಕನ ಮೇಲೆ ಮೊಕದ್ದಮೆ ದಾಖಲಾಯಿತು. ಚಾಲಕ ತಪ್ಪಿತಸ್ಥನಾಗಿದ್ದರೆ ಶಿಕ್ಷೆ ಆಗಲೇಬೇಕು. ಆದರೆ ಅದರೊಂದಿಗೆ ಇನ್ನೊಂದು ಪ್ರಶ್ನೆಯೂ ಇದೆ. ರಾಷ್ಟ್ರೀಯ ಹೆದ್ದಾರಿಯೊಂದರ ಪಕ್ಕದಲ್ಲಿ ಸಾವಿರಾರು ಜನ ಸೇರುವ ರಾತ್ರಿ ಭಾರೀ ವಾಹನಗಳನ್ನು ಊರಿನ ಹೊರಗೇ ತಡೆಯುವ ಅಥವಾ ಬೇರೆ ದಾರಿಯಲ್ಲಿ ಕಳುಹಿಸುವ ನಿರ್ಧಾರವನ್ನು ಕೈಗೊಳ್ಳಬೇಕಾದವರು ಯಾರು? ಪೊಲೀಸರೇ, ಪಂಚಾಯತ್ತೇ, ಹೆದ್ದಾರಿ ಇಲಾಖೆಯೇ, ಸಂಘಟಕರೇ? ಈ ನಾಲ್ವರೂ ಹಬ್ಬಕ್ಕೆ ಒಂದು ವಾರ ಮುಂಚೆ ಒಂದೇ ಮೇಜಿನ ಸುತ್ತ ಕುಳಿತು, ಯಾರ ಪಾಲಿಗೆ ಯಾವ ಕೆಲಸ ಎಂದು ಬರೆದು ಸಹಿ ಹಾಕುವ ಪದ್ಧತಿ ನಮ್ಮ ಎಷ್ಟು ಊರುಗಳಲ್ಲಿದೆ?

ಅದು ಅವರ ಹಬ್ಬ, ನಮಗೇನು ಎಂದು ಈ ಪತ್ರಿಕೆಯ ಯಾವ ಓದುಗನೂ ಭಾವಿಸಬಾರದು. ಸತ್ತವರಲ್ಲಿ ನಮ್ಮ ಜಿಲ್ಲೆಯ ಮಕ್ಕಳಿದ್ದರು. ಅಲ್ಲದೆ, ಮೆರವಣಿಗೆಗಳು ನಮ್ಮಲ್ಲೂ ಇವೆ. 2022ರ ಅಕ್ಟೋಬರ್ 9ರಂದು ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ಮೀಲಾದ್ ಮೆರವಣಿಗೆಯ ಗಾಡಿಗೆ ಕಟ್ಟಿದ್ದ ಕಬ್ಬಿಣದ ಸಲಾಕೆ ಹೈಟೆನ್ಷನ್ ತಂತಿಗೆ ತಾಗಿ ಮಕ್ಕಳೂ ಸೇರಿದಂತೆ ಆರು ಮಂದಿ ಸತ್ತರು. 2023ರ ನವೆಂಬರಿನಲ್ಲಿ ಹಾಸನಾಂಬೆಯ ದರ್ಶನಕ್ಕೆ ನಿಂತಿದ್ದ ಜನರ ಸರದಿಯಲ್ಲಿ ವಿದ್ಯುತ್ ತಂತಿಯಿಂದಾಗಿ ಭೀತಿ ಹುಟ್ಟಿ, ನೂಕುನುಗ್ಗಲಿನಲ್ಲಿ ಹಲವರು ಆಸ್ಪತ್ರೆ ಸೇರಿದರು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಸಿನೆಮಾ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗಲಿ ಪ್ರಾಣ ಬಿಟ್ಟರು. ಒಂದು ಕಡೆ ಮೀಲಾದ್, ಇನ್ನೊಂದು ಕಡೆ ಜಾತ್ರೆ, ಮತ್ತೊಂದು ಕಡೆ ಅಭಿಮಾನಿಗಳ ಸಂಭ್ರಮ. ತಂತಿಗೆ ಧರ್ಮದ ಹಂಗಿಲ್ಲ. ಮಸೀದಿಯ ಮುಂದೆ ತೋರಣ ಕಟ್ಟುವ ಯುವಕರು ಕಬ್ಬಿಣದ ಕೊಳವೆಯ ಬದಲು ಒಣಗಿದ ಬಿದಿರನ್ನು ಬಳಸುವುದು, ತಂತಿ ಹಾದುಹೋಗುವ ಜಾಗದಲ್ಲಿ ಏನನ್ನೂ ನಿಲ್ಲಿಸದಿರುವುದು, ಮೆರವಣಿಗೆಯ ದಾರಿಯನ್ನು ಮುಂಚಿತವಾಗಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸುವುದು ಇವೆಲ್ಲ ಜಮಾಅತ್ ಸಮಿತಿಗಳು ಇಂದೇ ಮಾಡಬಹುದಾದ ಕೆಲಸಗಳು. ತಂತಿ ಜೋತಾಡುವುದನ್ನು ಕಂಡ ಯಾರೂ 1912ಕ್ಕೆ ಕರೆಮಾಡಿ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬಹುದು. ಆ ಸಂಖ್ಯೆ ಮುಖ್ಯ. ನಾಳೆ ಅವಘಡ ಸಂಭವಿಸಿದರೆ 'ನಮಗೆ ತಿಳಿದಿರಲಿಲ್ಲ' ಎಂಬ ಮಾತಿಗೆ ಅಲ್ಲಿ ಉತ್ತರ ಇರುತ್ತದೆ.

ಇಷ್ಟಕ್ಕೂ ಹೊಣೆಗಾರಿಕೆ ಹೇಗೆ ಕಳೆದುಹೋಗುತ್ತದೆ? ಊರೊಳಗಿನ ರಸ್ತೆ, ಚರಂಡಿ, ಬೀದಿದೀಪ, ಕುಡಿಯುವ ನೀರು ಗ್ರಾಮ ಪಂಚಾಯತ್‌ನ ಹೊಣೆ. ಊರೂರುಗಳನ್ನು ಬೆಸೆಯುವ ಗ್ರಾಮೀಣ ರಸ್ತೆಗಳು ಜಿಲ್ಲಾ ಪಂಚಾಯತ್‌ನ ಇಂಜಿನಿಯರಿಂಗ್ ವಿಭಾಗಕ್ಕೆ ಸೇರಿದವು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದ್ದು. ಕೆರೆಯು ವಿಸ್ತೀರ್ಣಕ್ಕೆ ಅನುಗುಣವಾಗಿ ಪಂಚಾಯತ್ತಿಗೋ ಸಣ್ಣ ನೀರಾವರಿ ಇಲಾಖೆಗೋ ಸೇರುತ್ತದೆ. ಕಂಬ ಮತ್ತು ತಂತಿ ವಿದ್ಯುತ್ ನಿಗಮದ್ದು. ಹೀಗಿರುವಾಗ, ಮಗುವೊಂದು ಶಾಲೆಗೆ ಹೋಗುವ ಒಂದು ಕಿಲೋಮೀಟರ್ ದಾರಿಯಲ್ಲಿ ನಾಲ್ಕು ಇಲಾಖೆಗಳು ಸಿಗುತ್ತವೆ. ತಂದೆ ಪಂಚಾಯತ್ ಕಚೇರಿಗೆ ಹೋದರೆ, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನುತ್ತಾರೆ. ಹಾಸನಕ್ಕೆ ಹೋದರೆ, ಪಂಚಾಯತ್‌ನಿಂದ ಪತ್ರ ತನ್ನಿ ಎನ್ನುತ್ತಾರೆ. ಒಂದು ದಿನದ ಕೂಲಿ ಕಳಕೊಂಡು ಎರಡು ಸಲ ಅಲೆದಾಡಿದವನು ಮೂರನೆಯ ಸಲ ಹೋಗುವುದಿಲ್ಲ. ವ್ಯವಸ್ಥೆ ಕಾಯುತ್ತಿರುವುದೂ ಅದನ್ನೇ.

ಈ ಅಲೆದಾಟವನ್ನು ತಪ್ಪಿಸುವುದಕ್ಕೆಂದೇ ಅಧಿಕಾರವನ್ನು ಊರಿಗೆ ತರುವ ಕನಸನ್ನು ನಮ್ಮ ರಾಜ್ಯ ಒಮ್ಮೆ ಕಂಡಿತ್ತು. ಆ ಕನಸಿಗೆ ಶಾಸನದ ರೂಪ ಕೊಟ್ಟವರು ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎಂದು ಜನರಿಂದ ಕರೆಸಿಕೊಂಡರು. 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತ್‌ಗಳ ವ್ಯವಸ್ಥೆ ರೂಪುಗೊಂಡು, 1987ರಲ್ಲಿ ಚುನಾವಣೆ ನಡೆದು, ಮಹಿಳೆಯರಿಗೆ ಶೇ. 25ರಷ್ಟು ಮೀಸಲಾತಿ ದೊರೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಅರ್ಥಾತ್, ಕರ್ನಾಟಕ ದೇಶಕ್ಕಿಂತ ಮುಂದಿತ್ತು. 1988ರಲ್ಲಿ ನಝೀರ್ ಸಾಬ್ ತೀರಿಕೊಂಡರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಆ ಪರಂಪರೆಗೆ ರಾಜ್ಯ ಸರಕಾರಗಳು ಸಲ್ಲಿಸಿದ ಗೌರವವೇನು? ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243-ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದೇ ವರ್ಷ ಬಿಜೆಪಿ ಸರಕಾರ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತುಕೊಂಡು ಬೇರೊಂದು ಆಯೋಗಕ್ಕೆ ಕೊಟ್ಟಿತು. ವಿಳಂಬದಿಂದ ಬೇಸತ್ತ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ಸರಕಾರಕ್ಕೆ 5 ಲಕ್ಷ ರೂಪಾಯಿ ದಂಡ ವಿಧಿಸಿತು. 2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ಸೂ ವರ್ಷಗಟ್ಟಲೆ ಅದೇ ದಾರಿಯಲ್ಲಿ ನಡೆಯಿತು. ಪಕ್ಷ ಬದಲಾಯಿತು, ಅಧಿಕಾರಿಗಳ ಆಡಳಿತ ಬದಲಾಗಲಿಲ್ಲ. ದುದ್ದದ ಪ್ರಜೆ ತನ್ನ ಊರಿನ ರಸ್ತೆಯ ಬಗ್ಗೆ ಪ್ರಶ್ನಿಸಬಹುದಾದ ಜಿಲ್ಲಾ ಪಂಚಾಯತ್ ಸದಸ್ಯನೇ ಇಲ್ಲದೆ ವರ್ಷಗಳು ಉರುಳಿದುವು. ಎಚ್ಚರಿಕೆಯ ಪ್ರಕಟಣೆ ಹೊರಡಿಸಲು ಅಧಿಕಾರಿ ಸಾಕು. ಆದರೆ ಆ ಪ್ರಕಟಣೆಯ ಬೆನ್ನಿಗೆ ಕೆಲಸ ನಡೆಯಿತೇ ಎಂದು ಕೇಳಲು ಜನಪ್ರತಿನಿಧಿ ಬೇಕು. 2020ರ ಡಿಸೆಂಬರಿನಲ್ಲಿ ಚುನಾಯಿತವಾದ ಗ್ರಾಮ ಪಂಚಾಯತ್‌ಗಳ ಅವಧಿಯೂ ಐದು ವರ್ಷಗಳದ್ದೇ. ಮೇಲಿನ ಎರಡು ಹಂತಗಳಿಗೆ ಒದಗಿದ ಗತಿ ಕೆಳಗಿನ ಹಂತಕ್ಕೆ ಒದಗುವುದನ್ನು ಯಾವ ನಾಗರಿಕನೂ ಸಹಿಸಬಾರದು.

ಸರಕಾರದ ತಪ್ಪುಗಳನ್ನು ಎಣಿಸುವುದು ಸುಲಭ. ಇನ್ನು ನಮ್ಮ ಕಡೆಗೆ ಬರೋಣ. ನಝೀರ್ ಸಾಬ್ ನಮ್ಮವರು ಎಂದು ಹೆಮ್ಮೆಪಡುವ ನಾವು, ಅವರು ಬಿಟ್ಟುಹೋದ ವ್ಯವಸ್ಥೆಯನ್ನು ಎಷ್ಟು ಬಳಸಿದ್ದೇವೆ? ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದರ ಕೋರಂಗೆ ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಅದಕ್ಕೂ ಮೊದಲು ವಾರ್ಡ್ ಸಭೆಗಳು ನಡೆಯಬೇಕು. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯುವ ಜಮಾಬಂದಿಯಲ್ಲಿ ಪಂಚಾಯತ್‌ನ ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಯಾರೂ ಪರಿಶೀಲಿಸಬಹುದು. ಬೀದಿದೀಪಕ್ಕೆಂದು ಎಷ್ಟು ಖರ್ಚಾಯಿತು, ಆ ದೀಪಗಳು ಎಲ್ಲಿವೆ ಎಂದು ಕೇಳಬಹುದು. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಯೊಂದು ಸಾಕು. 30 ದಿನಗಳಲ್ಲಿ ಉತ್ತರಿಸಲೇಬೇಕು. ಆದರೆ ಗ್ರಾಮಸಭೆಯ ದಿನ ನಮ್ಮ ಮೊಹಲ್ಲಾಗಳಿಂದ ಎಷ್ಟು ಮಂದಿ ಹೋಗುತ್ತಾರೆ? ಮದುವೆಯ ಮಂಟಪದಲ್ಲಿ ತುಂಬಿ ತುಳುಕುವ ನಮ್ಮ ಜನ, ಗ್ರಾಮಸಭೆಯಲ್ಲಿ ಬೆರಳೆಣಿಕೆಯಷ್ಟು ಸಿಗುವುದಿಲ್ಲ. ಹೋದವರೂ ಮನೆಯ ಫಲಾನುಭವಿ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿ ಹೊರಟುಬಿಡುತ್ತಾರೆ.

ನಾವು ಕೆಲವೇ ಮನೆಗಳಿರುವವರು, ಪ್ರಶ್ನಿಸಿದರೆ ಕೋಮು ಬಣ್ಣ ಬಳಿಯುತ್ತಾರೆ ಎಂದು ಹೇಳುವವರಿದ್ದಾರೆ. ಈ ಭಯ ಆಧಾರರಹಿತವೆಂದು ತಳ್ಳಿಹಾಕಲಾಗದು. ಆದರೆ ಯೋಚಿಸಿ, ಶಾಲೆಯ ಮುಂದೆ ವೇಗ ತಗ್ಗಿಸುವ ಉಬ್ಬು ಬೇಕೆಂದು ಕೇಳುವುದರಲ್ಲಿ ಯಾವ ಕೋಮಿದೆ? ಆ ಶಾಲೆಯಲ್ಲಿ ಎಲ್ಲರ ಮಕ್ಕಳೂ ಓದುತ್ತಾರೆ. ತಿರುವಿನ ದೀಪದ ಬೆಳಕಿನಲ್ಲಿ ಎಲ್ಲರೂ ನಡೆಯುತ್ತಾರೆ. ನಾವು ಗ್ರಾಮಸಭೆಗೆ ಬರೇ ಖಬರಸ್ಥಾನದ ಗೋಡೆಯ ಬೇಡಿಕೆ ಹಿಡಿದುಕೊಂಡು ಹೋದರೆ ಜನರು ನಮ್ಮನ್ನು ಒಂದು ಗುಂಪಾಗಿಯೇ ಕಾಣುತ್ತಾರೆ. ಊರಿನ ಕೆರೆಗೆ ಬೇಲಿ ಕೇಳಿದರೆ ಊರಿನವರಾಗಿ ಕಾಣುತ್ತಾರೆ. ನೀರ್ ಸಾಬ್ ಕೊರೆಸಿದ ಬಾವಿಯ ನೀರು ಕುಡಿದವರು ಅವರ ಜಾತಿ ಕೇಳಲಿಲ್ಲ.

ನಮ್ಮ ಮಹಿಳೆಯರ ವಿಷಯವೂ ಇಲ್ಲಿ ಬರುತ್ತದೆ. ಯಾವ ಚರಂಡಿಗೆ ಮುಚ್ಚಳವಿಲ್ಲ, ಯಾವ ಕಂಬದ ಬಳಿ ಮಳೆ ಬಂದಾಗ ಜುಮ್ಮೆನ್ನುತ್ತದೆ, ಶಾಲೆಯ ದಾರಿಯಲ್ಲಿ ನಾಯಿಗಳ ಹಿಂಡು ಎಲ್ಲಿರುತ್ತದೆ ಎಂಬುದು ಮಕ್ಕಳ ತಾಯಿಗೆ ತಿಳಿದಷ್ಟು ಅಧ್ಯಕ್ಷರಿಗೂ ತಿಳಿದಿರುವುದಿಲ್ಲ. ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಮಹಿಳೆಯರಿಗೂ ಮಕ್ಕಳಿಗೂ ಪ್ರತ್ಯೇಕ ಗ್ರಾಮಸಭೆ ನಡೆಸುವ ಕ್ರಮವೂ ನಮ್ಮ ರಾಜ್ಯದಲ್ಲಿದೆ. ಹೀಗಿದ್ದೂ ಪತ್ನಿಯ ಪರವಾಗಿ ಪತಿ ಮಾತಾಡುವ, ಸದಸ್ಯೆಯ ಕುರ್ಚಿಯಲ್ಲಿ ಸಹೋದರ ಕೂರುವ ಪರಿಪಾಠವನ್ನು ನಮ್ಮ ಸಮುದಾಯವೂ ಬಿಟ್ಟಿಲ್ಲ. ಅಪಾಯವನ್ನು ದಿನವೂ ನೋಡುವವಳನ್ನು ಮನೆಯಲ್ಲಿ ಕೂರಿಸಿ, ನೋಡದವನು ಸಭೆಯಲ್ಲಿ ಏನು ಹೇಳಿಯಾನು?

ಇನ್ನು, ನಾವೇ ನಮ್ಮ ಕೈಯಾರೆ ತಂದುಕೊಳ್ಳುವ ಅಪಾಯವೊಂದಿದೆ. ಹತ್ತನೇ ತರಗತಿಯ ಹುಡುಗನ ಕೈಗೆ ಬೈಕಿನ ಕೀಲಿ ಕೊಡುವುದು. ಹಬ್ಬದ ಸಂಜೆ ಒಂದೇ ಬೈಕಿನಲ್ಲಿ ಮೂವರು ಬಾಲಕರು ಹೆಲ್ಮೆಟಿಲ್ಲದೆ ಹೆದ್ದಾರಿಯಲ್ಲಿ ಹಾರಾಡುವುದನ್ನು ಕಂಡು 'ಹುಡುಗರಲ್ಲವೇ' ಎಂದು ನಗುವ ಹಿರಿಯರಿಗೆ ಕಾನೂನು ಗೊತ್ತಿರಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199-ಎ ಸೆಕ್ಷನ್ ಪ್ರಕಾರ, ಅಪ್ರಾಪ್ತನು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪಾಲಕರು ಅಥವಾ ವಾಹನದ ಮಾಲಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ದಂಡಕ್ಕಿಂತ ದೊಡ್ಡದು ಪ್ರಾಣ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಕರ್ನಾಟಕದ ಪಾಲು 11,702. ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆ ದೇಶದಲ್ಲಿ 50,029. ಅವರಲ್ಲಿ 14,337 ಮಂದಿ ಹಿಂಬದಿ ಸವಾರರು.

ಇಂಥ ಸಾವುಗಳ ಬಳಿಕ ನಾವು ಹೇಳುವ ಮಾತೊಂದಿದೆ. ಹಣೆಬರಹ, ವಿಧಿ, ತಕ್ದೀರ್. ದುಃಖಿತರನ್ನು ಸಮಾಧಾನಪಡಿಸಲು ಆಡುವ ಆ ಮಾತನ್ನು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ನಿರ್ಲಕ್ಷ್ಯವನ್ನು ಮುಚ್ಚಲು ಅದೇ ಮಾತನ್ನು ಹೊದಿಕೆಯಾಗಿ ಬಳಸುವುದು ಅನ್ಯಾಯ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ದೇವನಲ್ಲಿ ಭರವಸೆಯಿಡಬೇಕೆಂಬ ಪ್ರವಾದಿ ಬೋಧನೆಯನ್ನು ಮಸೀದಿಯಲ್ಲಿ ಕೇಳಿ ಬಂದವನು ಹೆಲ್ಮೆಟನ್ನು ಬೈಕಿನ ಕನ್ನಡಿಗೆ ತೂಗುಹಾಕಿ ಹೊರಡುವುದಾದರೆ ಆ ಬೋಧನೆಯಿಂದ ಆತ ಕಲಿತದ್ದೇನು?

ಅಪಘಾತ ಕಂಡಾಗ ನೆರವಿಗೆ ಧಾವಿಸದೆ ಸುಮ್ಮನೆ ಹಾದುಹೋಗುವ ರೂಢಿಯೂ ಹೆಚ್ಚುತ್ತಿದೆ. ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆ ಇದಕ್ಕೆ ಕಾರಣ. ಸುಪ್ರೀಮ್ ಕೋರ್ಟ್ 2016ರಲ್ಲೇ ಈ ಹೆದರಿಕೆಯನ್ನು ನಿವಾರಿಸಿದೆ. 2019ರ ತಿದ್ದುಪಡಿಯ 134-ಎ ಸೆಕ್ಷನ್ ಪ್ರಕಾರ, ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳುವಂತೆ ಬಲವಂತಪಡಿಸುವಂತಿಲ್ಲ. 112ಕ್ಕೆ ಅಥವಾ 108ಕ್ಕೆ ಕರೆ ಮಾಡುವುದು, ಗಾಯಾಳುವಿನ ಸುತ್ತ ಗುಂಪುಗೂಡಿ ಮೊಬೈಲಿನಲ್ಲಿ ಚಿತ್ರ ತೆಗೆಯುವವರನ್ನು ದೂರ ಸರಿಸುವುದು ಇಷ್ಟನ್ನು ಯಾರೂ ಮಾಡಬಹುದು. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಗೆ ಕೇಂದ್ರವು 2025ರ ಮೇ 5ರಂದು ಅಧಿಸೂಚನೆ ಹೊರಡಿಸಿದೆ. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೂ ಮೃತನ ಕುಟುಂಬಕ್ಕೆ 2 ಲಕ್ಷ, ತೀವ್ರವಾಗಿ ಗಾಯಗೊಂಡವನಿಗೆ 50,000 ರೂಪಾಯಿ ಪರಿಹಾರ 2022ರ ಯೋಜನೆಯಲ್ಲಿದೆ. ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಮಟ್ಟದ ವಿಚಾರಣಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಈ ಪರಿಹಾರಕ್ಕೆ ಅರ್ಜಿ ಹಾಕುವವರೇ ತೀರಾ ಕಡಿಮೆ ಎಂದು ಸ್ವತಃ ಸುಪ್ರೀಮ್ ಕೋರ್ಟ್ 2024ರಲ್ಲಿ ಕಳವಳಪಟ್ಟಿತು. ಹೆದರಿಸುವ ಫಲಕಗಳನ್ನು ನೆಡುವ ಆಡಳಿತ, ಹಕ್ಕನ್ನು ತಿಳಿಸುವ ಒಂದು ಫಲಕವನ್ನು ಪಂಚಾಯತ್ ಕಚೇರಿಯ ಗೋಡೆಗೆ ಯಾಕೆ ತೂಗುಹಾಕುವುದಿಲ್ಲ?

ಆದುದರಿಂದ ಮುಂದಿನ ಗ್ರಾಮಸಭೆಯ ದಿನಾಂಕವನ್ನು ಇಂದೇ ಕೇಳಿ ತಿಳಿದುಕೊಳ್ಳಿ. ಪಂಚಾಯತ್‌ನಲ್ಲಿ ಸದಸ್ಯರಿರಲಿ, ಆಡಳಿತಾಧಿಕಾರಿಯೇ ಇರಲಿ, ಗ್ರಾಮಸಭೆಯ ಹಕ್ಕು ಮತದಾರನದ್ದು. ನಿಮ್ಮ ವಾರ್ಡಿನ ಅಪಾಯದ ಐದು ಜಾಗಗಳನ್ನು ಪಟ್ಟಿ ಮಾಡಿ. ಆ ಪಟ್ಟಿಯನ್ನು ನೆರೆಯ ಗೌಡರಿಗೂ, ಶೆಟ್ಟರಿಗೂ, ದಲಿತ ಕೇರಿಯ ಹಿರಿಯರಿಗೂ ತೋರಿಸಿ, ಅವರು ಹೇಳುವ ಐದು ಜಾಗಗಳನ್ನೂ ಸೇರಿಸಿ. ಎಲ್ಲರೂ ಸಹಿ ಹಾಕಿದ ಆ ಕಾಗದವನ್ನು ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಯ ನಡಾವಳಿಯಲ್ಲಿ ಅದು ದಾಖಲಾಗುವಂತೆ ನೋಡಿಕೊಳ್ಳಿ. ಪಂಚಾಯತ್‌ನ ವ್ಯಾಪ್ತಿಗೆ ಬಾರದ ಕೆಲಸವಾದರೆ, ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯುವ ಹೊಣೆಯನ್ನು ನಿಮ್ಮ ಹೆಗಲಿಗೆ ಹಾಕಿಕೊಳ್ಳದೆ ಪಂಚಾಯತ್‌ಗೇ ಒಪ್ಪಿಸಿ. ಆರು ತಿಂಗಳ ಬಳಿಕ ಮುಂದಿನ ಸಭೆಯಲ್ಲಿ, ಆ ಹತ್ತರಲ್ಲಿ ಎಷ್ಟು ಮುಗಿಯಿತು ಎಂದು ಮೊದಲ ಪ್ರಶ್ನೆಯಾಗಿ ಕೇಳಿ.

ನಾವು ಎಚ್ಚರಿಕೆಯಿಂದ ಇರೋಣ. ಹೆಲ್ಮೆಟ್ ಧರಿಸೋಣ, ಮಕ್ಕಳ ಕೈಯಿಂದ ಕೀಲಿ ಕಸಿದುಕೊಳ್ಳೋಣ, ತಂತಿಯಿಂದ ದೂರ ನಿಲ್ಲೋಣ. ಹೀಗೆ ತನ್ನ ಪಾಲನ್ನು ಸಲ್ಲಿಸಿದ ಪ್ರಜೆಗೆ ಸರಕಾರದ ಪಾಲನ್ನು ಕೇಳುವ ಅಧಿಕಾರ ತಾನಾಗಿ ಬರುತ್ತದೆ. ಮೊಸಳೆಹೊಸಹಳ್ಳಿಯಲ್ಲಿ ಮಡಿದ ಹತ್ತು ಮಂದಿಯ ಮನೆಗಳಿಗೆ ಪರಿಹಾರದ ಚೆಕ್ಕು ತಲುಪಿದ ಮಾತ್ರಕ್ಕೆ ಅಲ್ಲಿಯ ಪ್ರಶ್ನೆ ಮುಗಿಯುವುದಿಲ್ಲ. ಅದು ದುದ್ದದ ರಸ್ತೆಯಲ್ಲೂ, ನಿಮ್ಮ ಊರಿನ ರಸ್ತೆಯಲ್ಲೂ ಉತ್ತರಕ್ಕಾಗಿ ಕಾಯುತ್ತಿದೆ.